ಬಾಟ್ಲಿ ಕಣ್ಣೀರು

ಮಗಳ ಮದುವೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ನಿಂತ ತಾಯಿ ಇಡೀ ಕುಂದಾಪುರದಲ್ಲಿ ನಾನೊಬ್ಬಳೇ ಇರಬೇಕು. ಮೀನು ಮಾರುವ ಸರಸಳಿಗೆ ಎಂಥ ಶೋಕಿ ಅಂತ ಹಾಲ್‌ನಲ್ಲಿ ಕಿಸಕ್ಕನೆ ನಕ್ಕವರು ಒಬ್ಬಿಬ್ಬರಲ್ಲ. ನಗಲಿ, ಅವರ ಹಲ್ಲು ಉದುರಲಿ! ಕನ್ನಡಕ ತೆಗೆದರೆ ಬೆಳಕು ಸೂಜಿಯ ಹಾಗೆ ಚುಚ್ಚುತ್ತದೆ.

ಹಿಂದೊಮ್ಮೆ ಜ್ವರಕ್ಕೆ ನುಂಗಿದ ಮಾತ್ರೆ ನನ್ನ ಮೈಗೆ ಆಗಿಬರಲಿಲ್ಲ. ಮೈಯೆಲ್ಲ ಗುಳ್ಳೆ ಎದ್ದು ಚರ್ಮ ಸುಲಿಯಿತು, ಕಣ್ಣು ಅಂಟಿಕೊಂಡಿತು. “ಇದ್ ಅಮ್ಮ ಬಂದದ್ದ್, ಆಸ್ಪತ್ರೆಗೆ ಹೋಪುಕಾಗ” ಅಂದಳು ಗಂಡನ ಅಕ್ಕ ಬಾಗಿ. ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು. ಅದು ಅಮ್ಮ ಅಲ್ಲ, ಮಾತ್ರೆಯ ಉಪದ್ರ ಅಂತ ಮಣಿಪಾಲದ ಡಾಕ್ಟರು ಹೇಳುವಷ್ಟರಲ್ಲಿ ತಡವಾಗಿತ್ತು. ಜೀವ ಉಳಿಯಿತು. ಒಳಮುಖವಾಗಿ ಬೆಳೆದ ರೆಪ್ಪೆಗೂದಲು ಕಿತ್ತರು, ತುಟಿಯ ಒಳಗಿನ ಚರ್ಮ ತೆಗೆದು ರೆಪ್ಪೆಗೆ ಹೊಲಿದರು. ಕಣ್ಣೀರು ಮಾತ್ರ ಬತ್ತಿಯೇ ಹೋಯಿತು. ಅದರ ಬದಲಿಗೆ ಕಣ್ಣಿಗೆ ಔಷಧಿ ಅಂಗಡಿಯ ಬಾಟ್ಲಿ ನೀರು, ಗಂಟೆಗೊಮ್ಮೆ.

ಹೆಣ್ಣು ಒಪ್ಪಿಸುವ ಹೊತ್ತು ಬಂತು. ಹೆಂಗಸರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು. ನನ್ನ ಕೆನ್ನೆ ಮಾತ್ರ ಒಣಗಿ ಕೂತಿತ್ತು.

“ಹ್ವಾಯ್ ಸರಸ, ಎಂತ ಹೆಣ್ಣೇ ನೀನ್?” ಬಾಗಿ ಎಲ್ಲರಿಗೂ ಕೇಳುವಂತೆ ಕೂಗಿದಳು. “ಮಗ್ಳ್ ಹೋತಾ ಇತ್ತ್, ಅಬ್ಬೆ ಕಣ್ಣಗೆ ಒಂದ್ ಹನಿ ನೀರಿಲ್ಯಲೆ!” ಕಣ್ಣೀರು ಬತ್ತುತ್ತದೆ ಅನ್ನುವುದನ್ನು ಅವಳು ಇಂದಿಗೂ ನಂಬಿಲ್ಲ.

ಗಂಡಿನ ತಾಯಿ ತಿರುಗಿ ನನ್ನ ಮುಖ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಲ್ಲೆದೆಯವಳ ಮಗಳು ಅಂತ ನಾಳೆ ಬಾರ್ಕೂರಿನ ಆ ಮನೆಯಲ್ಲಿ ನನ್ನ ನವ್ಯಶ್ರೀಯನ್ನು ಹಂಗಿಸಿದರೆ?

ಕಂಬದ ಮರೆಗೆ ಹೋದೆ. ಸೆರಗಿನ ಗಂಟಿನಿಂದ ಬಾಟ್ಲಿ ತೆಗೆದು, ಕನ್ನಡಕ ಎತ್ತಿ ಹಿಂಡಿದೆ. ಗುರಿ ತಪ್ಪಿ ಅರ್ಧ ಬಾಟ್ಲಿ ಕೆನ್ನೆಗೆ ಹರಿಯಿತು. ಒರೆಸದೆ ಹಾಗೇ ಬಂದು ನಿಂತೆ. “ಪಾಪ, ಅಬ್ಬೆ ಕರುಳ್” ಅಂದರು ಎಲ್ಲರೂ. ಗಂಡಿನ ತಾಯಿ ನನ್ನ ಕೈ ಹಿಡಿದು ತಾವೂ ಅತ್ತರು. ಥೂ, ಹೆತ್ತ ಮಗಳಿಗೆ ಅಂಗಡಿಯ ನೀರು ಸುರಿಸಿದೆನಲ್ಲ! ನಾಚಿಕೆಯಿಂದ ಸತ್ತೇ ಹೋದೆ.

ನವ್ಯಶ್ರೀ ನನ್ನನ್ನು ತಬ್ಬಿಕೊಂಡಳು. ಸೆರಗಿನಿಂದ ಕೆನ್ನೆ ಒರೆಸುತ್ತ ಕಿವಿಯಲ್ಲಿ ಪಿಸುಗುಟ್ಟಿದಳು:

“ಎಲ್ಲ ಕೆನ್ನಿಗೇ ಹೊಯ್ಕಂಡಿಯಲೆ ಅಮ್ಮ, ಕಣ್ಣಿಗೆ ಒಂದ್ ಹನಿಯೂ ಬೀಳ್ಲಿಲ್ಲೆ. ನಿಂಗೆ ಒಬ್ಳಿಗೇ ಹಾಕಂಬುಕೆ ಆತಿಲ್ಲೆ. ನಾಳಿಂದ ಯಾರ್ ಹಾಕ್ತ್ರ್?”

ಆಗ ಬಂತು ನೋಡಿ ಅಳು. ಅಷ್ಟು ಜನರ ನಡುವೆ ಗೋಳೋ ಎಂದು ಅತ್ತೆ. ಕಣ್ಣು ಉರಿಯಿತೇ ಹೊರತು ಒಂದು ಹನಿ ಬರಲಿಲ್ಲ.