ಸಣ್ಣಮ್ಮನ ಜೀರಿಗೆ ನೀರು

ಬಾಣಲೆಯಲ್ಲಿ ಜೀರಿಗೆ ಬಣ್ಣ ತಿರುಗುವ ಹೊತ್ತಿಗೆ ಅಂಗಳದ ಅಳು ನಿಂತಿತು. ಹೆಣ ಎತ್ತುವ ತನಕ ಸತ್ತವರ ಮನೆಯಲ್ಲಿ ಒಲೆ ಹಚ್ಚಬಾರದು. ಪ್ರೇಮಲತಾ ಹಚ್ಚಿದ್ದಳು. ಅತ್ತೆ ಸಣ್ಣಮ್ಮ ಹೊರಗೆ ಚಾಪೆಯ ಮೇಲೆ ಹೆಣವಾಗಿ ಮಲಗಿರುವಾಗ ಸೊಸೆ ಒಳಗೆ ಜೀರಿಗೆ ಹುರಿಯುತ್ತಿದ್ದಾಳೆಂದು ಆ ವಾಸನೆಯೇ ತೋಲ್ಪೆಟ್ಟಿಯ ಅರ್ಧ ಜನಕ್ಕೆ ಹೇಳಿಬಿಟ್ಟಿತು.

ಪುಲ್ಪಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ನಾದಿನಿ ಶೈಲಜ ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಹಸಿವಾಯ್ತಾ ಅತ್ತಿಗೆ? ಹೆಣ ಎತ್ತೋವರೆಗೂ ತಡೆಯಕ್ಕಾಗಲ್ವಾ?"

"ನನಗಲ್ಲ. ಅತ್ತೆ ಬಾಯಿಗೆ ಬಿಡಕ್ಕೆ. ತುಳಸಿ ನೀರು ಬೇಡ, ಜೀರಿಗೆ ನೀರೇ ಬಿಡು ಅಂದಿದ್ರು."

"ಒಗ್ಗರಣೆ ಸೌಟು ಮುಟ್ಟಕ್ಕೆ ಬಿಡದ ನಮ್ಮವ್ವ ನಿನ್ನ ಹತ್ರ ಹೇಳಿದ್ಲಾ?"

ಸೌಟಿನ ಮಾತು ಸುಳ್ಳಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಈ ಮನೆಯಲ್ಲಿ ಹದಿನೇಳು ವರ್ಷ ಸೊಸೆಯ ಕಾಲ ಬರಲೇ ಇಲ್ಲ. ಊರಿನ ಬಾಣಂತಿಯರಿಗೆಲ್ಲ ಜೀರಿಗೆ ಬೆಲ್ಲದ ಉಂಡೆ ಕಟ್ಟಿಕೊಟ್ಟ ಸಣ್ಣಮ್ಮ, ಜೀರಿಗೆ ಡಬ್ಬಿಯನ್ನು ಮಾತ್ರ ತನ್ನ ಕೋಣೆಯಲ್ಲೇ ಇಟ್ಟುಕೊಂಡಿದ್ದಳು. ಬೇಯಿಸುವುದು ಸೊಸೆ, ಒಗ್ಗರಣೆ ಅತ್ತೆ. ಉಂಡವರು ಹೊಗಳಿದರೆ ಮುದುಕಿ ತಲೆದೂಗುತ್ತಿದ್ದಳು, ಉಪ್ಪು ಹೆಚ್ಚಾದರೆ ಸೊಸೆಯನ್ನು ತೋರಿಸುತ್ತಿದ್ದಳು.

*

ಎರಡು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ಸಣ್ಣಮ್ಮನ ರಕ್ತ ಪರೀಕ್ಷೆಯ ಚೀಟಿ ನೋಡಿದ ಮಲಯಾಳಿ ನರ್ಸ್ ಸಿನಿ, ರಕ್ತ ತೀರಾ ಕಡಿಮೆಯಿದೆ ಎಂದು ಕಬ್ಬಿಣದ ಗುಳಿಗೆ ಕೈಗಿಟ್ಟಿದ್ದಳು.

"ಜೀರಿಗೇಲಿ ಕಬ್ಬಿಣ ಇದೆ ಕಣಮ್ಮ. ಎಷ್ಟು ಬಾಣಂತೀರಿಗೆ ಕೊಟ್ಟಿದ್ದೀನಿ, ಒಬ್ಬಳೂ ಸತ್ತಿಲ್ಲ," ಎಂದಳು ಸಣ್ಣಮ್ಮ.

"ಇದೆ ಅಮ್ಮೂಮ್ಮ, ಇಲ್ಲ ಅಂದೋರ್ಯಾರು? ಆದ್ರೆ ನೀವು ಹಾಕೋದು ಒಂದು ಚಿಟಿಕೆ. ಅದ್ರಲ್ಲಿ ಎಷ್ಟು ಸಿಗುತ್ತೆ? ಈ ರಕ್ತಕ್ಕೆ ಗುಳಿಗೇನೇ ಬೇಕು."

ಚಿಟಿಕೆ ಎಂದದ್ದು ಮುದುಕಿಗೆ ಚುಚ್ಚಿತು. ಅಂದಿನಿಂದ ಗುಳಿಗೆಯನ್ನು ನಾಲಗೆಯಡಿ ಇಟ್ಟುಕೊಂಡು, ಸೊಸೆ ಅತ್ತ ತಿರುಗಿದೊಡನೆ ಕಾಫಿ ಗಿಡದ ಬುಡಕ್ಕೆ ಉಗಿಯತೊಡಗಿದಳು. ಪ್ರೇಮಲತಾ ಮೂರನೇ ದಿನವೇ ನೋಡಿದಳು. ಗಂಡ ಚೆಲುವರಾಜುವಿಗೆ ಹೇಳಬಹುದಿತ್ತು. ಹೇಳಲಿಲ್ಲ. ಜೀರಿಗೆಯೇ ಕಾಪಾಡಲಿ, ನನಗೇನು, ಅಂದುಕೊಂಡಳು. ಹದಿನೇಳು ವರ್ಷದ ಸಿಟ್ಟು ಹಾಗೆ ಅನ್ನುವಂತೆ ಮಾಡಿತು.

ಅತ್ತೆ ಹಾಸಿಗೆ ಹಿಡಿದ ಮೇಲೆ ಡಬ್ಬಿ ಸೊಸೆಯ ಕೈಗೆ ಬಂತು. ಮೊದಲ ದಿನ ಜೀರಿಗೆ ಸೀದುಹೋಯಿತು, ಮುದುಕಿ ಲೋಟ ತಳ್ಳಿ ಬೈದಳು. ನಾಲ್ಕನೇ ದಿನ ಪೂರ್ತಿ ಕುಡಿದು, "ನಾನು ಸತ್ತಾಗ ಬಾಯಿಗೆ ಇದನ್ನೇ ಬಿಡು. ನೀನೇ ಬಿಡು. ಶೈಲಜ ಸೀಯಿಸ್ತಾಳೆ," ಎಂದಳು. ಹೊಗಳಿಕೆ ಅಂದರೆ ಅಷ್ಟೇ. ಅಷ್ಟಕ್ಕೇ ಪ್ರೇಮಲತಾಳ ಕಣ್ಣು ತುಂಬಿತು, ತುಂಬಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

*

ಲೋಟ ಹಿಡಿದು ಅಂಗಳಕ್ಕೆ ಬಂದಾಗ ಶೈಲಜ ತಾಯಿಯ ತಲೆಯ ಬಳಿ ಅಡ್ಡ ಕೂತಿದ್ದಳು.

"ಇಷ್ಟು ದಿನ ಜೀರಿಗೆ ನೀರು ಕುಡಿಸಿ ಕೊಂದಿದ್ದು ಸಾಲದಾ? ಗುಳಿಗೆ ಕೊಟ್ಟಿದ್ದೆ ಅಂತ ಅವ್ವನ ತಲೆ ಮುಟ್ಟಿ ಹೇಳು. ಆಮೇಲೆ ಬಿಡು."

"ಸತ್ತೋರ ಮುಂದೆ ಜಗಳ ಬೇಡ ಮಕ್ಕಳೇ," ಎಂದಳು ನೆರೆಮನೆಯ ಮುದುಕಿ ಚಾತಿ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಕೊಡ್ತಿದ್ಲು ಕಣೇ, ನಾನೇ ನೋಡಿದ್ದೀನಿ," ಎಂದ ಚೆಲುವರಾಜು. "ಹೇಳಿಬಿಡು ಪ್ರೇಮ, ಹೊತ್ತಾಯ್ತು."

ಕೊಟ್ಟೆ ಅಂದಿದ್ದರೆ ಮುಗಿಯುತ್ತಿತ್ತು, ಕೊಟ್ಟದ್ದು ನಿಜವೇ. ಪ್ರೇಮಲತಾ ಬಗ್ಗಿ ತಣ್ಣಗಿದ್ದ ಹಣೆಯ ಮೇಲೆ ಕೈಯಿಟ್ಟಳು.

"ಕೊಟ್ಟೆ. ಉಗಿದುಬಿಡ್ತಿದ್ರು. ನಾನು ನೋಡ್ತಿದ್ದೆ. ಯಾರಿಗೂ ಹೇಳಲಿಲ್ಲ."

ಚೆಲುವರಾಜು ಗುರುತು ಸಿಗದವನಂತೆ ಹೆಂಡತಿಯನ್ನು ನೋಡಿದ. ಆಮೇಲೆ ಅವಳ ಕೈಯಿಂದ ಲೋಟ ಕಿತ್ತು ತಂಗಿಗೆ ಕೊಟ್ಟ.

ಶೈಲಜ ಲೋಟವನ್ನು ಒಮ್ಮೆಲೇ ಬಗ್ಗಿಸಿದಳು. ನೀರು ಬಾಯೊಳಗೆ ಇಳಿಯದೆ ಗದ್ದದ ಮೇಲೆ ಹರಿದು ಹೆಣಕ್ಕೆ ಉಡಿಸಿದ್ದ ಹೊಸ ಸೀರೆಯನ್ನು ತೋಯಿಸಿತು. ಒರೆಸಲೆಂದು ಪ್ರೇಮಲತಾ ಸೆರಗು ಹಿಡಿದು ಮುಂದೆ ಬಂದಳು. ಚೆಲುವರಾಜು ಕೈ ಅಡ್ಡ ಹಿಡಿದ. ಗಂಡಸರು ಹೆಣವನ್ನು ಚಟ್ಟಕ್ಕೇರಿಸಿ ಹೆಗಲು ಕೊಟ್ಟರು. ಗದ್ದಕ್ಕೆ ಎರಡು ಜೀರಿಗೆ ಕಾಳು ಅಂಟಿಸಿಕೊಂಡೇ ಸಣ್ಣಮ್ಮ ಗೇಟು ದಾಟಿದಳು.