ಚಿಪ್ಪಿನೊಳಗೆ ಹೋದ ಔಷಧಿ

ಬೆಳಗೊಳದ ಮಾದಮ್ಮನ ಕೊಟ್ಟಿಗೆಯಲ್ಲಿ ಹಸುಗಳ ಜೊತೆಗೆ ಎರಡು ಆಮೆಗಳೂ ಇದ್ದವು, ಗುಂಡ ಮತ್ತು ಮಲ್ಲಿ. ಮಗಳು ಜಯಶೀಲ ಚಿಕ್ಕವಳಿದ್ದಾಗ ನಾಲೆ ಏರಿಯಿಂದ ಅವನ್ನು ಲಂಗದಲ್ಲಿ ಕಟ್ಟಿಕೊಂಡು ತಂದಿದ್ದಳು. ಮದುವೆಯಾಗಿ ಮಾಕವಳ್ಳಿಗೆ ಹೊರಟ ದಿನ ಅವಳು ಅತ್ತದ್ದು ಅಪ್ಪ ಅಮ್ಮನಿಗಿಂತ ಆಮೆಗಳಿಗೇ ಜಾಸ್ತಿ ಎಂದು ಕೇರಿಯವರೆಲ್ಲ ನಕ್ಕಿದ್ದರು. "ನೋಡ್ಕಳವ್ವ" ಎಂದಷ್ಟೇ ಹೇಳಿ ಅವಳು ಬಸ್ಸು ಹತ್ತಿದ್ದಳು.

ಆ ಬೇಸಿಗೆಯಲ್ಲಿ ಹಸುಗಳಿಗೆ ಉಣ್ಣೆ ಹತ್ತಿತು. ಪಕ್ಕದಲ್ಲೇ ಮಲಗುವ ಆಮೆಗಳನ್ನು ಬಿಟ್ಟೀತೇ? ಕತ್ತಿನ ಮಡಿಕೆಯಲ್ಲಿ ಉಣ್ಣೆ, ಕಾಲಿನ ಸಂದಿನಲ್ಲಿ ಪುಡಿ ನುಸಿ. ಗುಂಡ ಸೊಪ್ಪು ಮೂಸುವುದನ್ನೂ ಬಿಟ್ಟಿತು.

ಗಂಡ ಬೋರಯ್ಯ ಬಕೆಟ್ಟಿನಲ್ಲಿ ಉಣ್ಣೆ ಔಷಧಿ ಕಲಸಿ ಹಸುಗಳ ಮೈಗೆ ಹಚ್ಚಿದ. ಆ ಮನೆಯಲ್ಲಿ ಔಷಧಿ ನೀರು ಚೆಲ್ಲುವ ಪದ್ಧತಿಯೇ ಇಲ್ಲ. ಹಸು ಆದ ಮೇಲೆ ಕರು, ಕರು ಆದ ಮೇಲೆ ನಾಯಿ. ಈ ಸಲ ತಳದಲ್ಲಿ ಇನ್ನೂ ಉಳಿದಿತ್ತು.

"ಗುಂಡನ್ನ ತತ್ತಾ, ಅದ್ಕೂ ಹಾಕ್ಬುಡವ," ಎಂದ ಬೋರಯ್ಯ.

ಹಾಲಿಗೆ ಬಂದಿದ್ದ ಪಕ್ಕದ ಮನೆಯ ಅಮೀನಾಬೀ ತಡೆದಳು. "ಬ್ಯಾಡ ಕಣಣ್ಣ. ಇದೇ ನೀರು ಹಾಕಿ ನಮ್ ಕೋಳಿಗಳ್ನ ಕಳ್ಕಂಡ್ವಿ. ದನದ ದವಾ ದನಕ್ಕೇ ಸರಿ. ಪಾಂಡವಪುರದ ಡಾಕ್ಟ್ರಿಗೆ ತೋರ್ಸಿ."

"ಆಮೆ ಎತ್ಕಂಡು ಬಸ್ಸಲ್ಲಿ ಹೋದ್ರೆ ಜನ ನಗಾಕಿಲ್ವಾ? ಮೆತ್ಗಿರೋ ಹಸೂನೇ ತಡ್ಕತದೆ. ಕಲ್ಲಿನಂಗಿರೋ ಚಿಪ್ಪಿಗೆ ಏನಾದದು?"

ಮಾದಮ್ಮನಿಗೆ ಮನಸ್ಸು ಒಪ್ಪಲಿಲ್ಲ. ಆದರೂ ಗುಂಡನನ್ನು ಮಗುಚಿ ಹಿಡಿದಳು. ಬೋರಯ್ಯ ಸುರಿದ. ಗುಂಡ ಹೆದರಿ ತಲೆ, ಕಾಲು ಒಳಗೆಳೆದುಕೊಂಡಿತು. ಔಷಧಿಯೂ ಜೊತೆಗೆ ಒಳಕ್ಕೆ ಹೋಯಿತು. ಮಲ್ಲಿ ಬಣವೆಯ ಅಡಿ ಎಲ್ಲೋ ಸೇರಿಕೊಂಡಿದ್ದರಿಂದ ಸಿಗಲಿಲ್ಲ.

ಸಂಜೆ ಹೊತ್ತಿಗೆ ಗುಂಡನ ಕತ್ತು ಜೋತುಬಿದ್ದಿತ್ತು, ಕಾಲು ಅದುರುತ್ತಿದ್ದವು. ಮಾದಮ್ಮ ನೀರು ಹಾಕಿ ಹಾಕಿ ತೊಳೆದಳು. ಚಿಪ್ಪಿನೊಳಗೆ ಕೈ ಹೋಗಬೇಕಲ್ಲ! ಬೆಳಗ್ಗೆ ನೋಡಿದರೆ ಅದು ಸತ್ತಿತ್ತು. ಮಾದಮ್ಮನಿಗೆ ದುಃಖ ಒತ್ತರಿಸಿ ಬಂತು. ಮಗುಚಿ ಹಿಡಿದವಳು ತಾನೇ ಅಲ್ಲವೇ?

ಅಂದೇ ಗಂಡ ಹೆಂಡತಿ ಮಲ್ಲಿಯನ್ನು ಬಣವೆಯಡಿಯಿಂದ ಹುಡುಕಿ ತೆಗೆದು ಬುಟ್ಟಿಯಲ್ಲಿಟ್ಟುಕೊಂಡು ಪಾಂಡವಪುರದ ಬಸ್ಸು ಹತ್ತಿದರು. ಯಾರೋ ನಕ್ಕರು. ಬೋರಯ್ಯ ತಲೆ ಎತ್ತಲಿಲ್ಲ.

ಪಶುವೈದ್ಯರು ಚಿಮಟದಿಂದ ಉಣ್ಣೆಗಳನ್ನು ಒಂದೊಂದಾಗಿ ತೆಗೆದು ಸೋಪಿನ ನೀರಿಗೆ ಹಾಕಿದರು. "ಚರ್ಮದ ಹತ್ರಕ್ಕೇ ಹಿಡಿದು ಮೆಲ್ಲಗೆ, ನೇರವಾಗಿ ಎಳೀಬೇಕು. ಉಗುರುಬೆಚ್ಚಗಿನ ನೀರಲ್ಲಿ ನಿಲ್ಲಿಸಿ, ತಲೆ ಮುಳುಗದ ಹಾಗೆ ತೊಳೀರಿ. ಅದು ಮಲಗೋ ಜಾಗದ ಹುಲ್ಲೆಲ್ಲ ತೆಗೆದು ಸುಟ್ಟುಬಿಡಿ. ನೆಲಕ್ಕೆ ಬಿಸಿನೀರು ಹಾಕಿ ಉಜ್ಜಿ, ಒಣಗಿಸಿ. ನುಸಿ ಅಡಗಿರೋದು ಅಲ್ಲೇ."

"ದನಕ್ಕೆ ಕೊಡೋ ಉಣ್ಣೆ ಇಂಜೆಕ್ಷನ್ನು ಕೊಡ್ಸಬೌದಾ ಸಾ?" ಎಂದು ಬೋರಯ್ಯ ಕೇಳಿದ.

"ಅದು ಆಮೆಯ ಜೀವ ತೆಗೀಬಹುದು. ಇನ್ನೊಂದು ಮಾತು, ಇದನ್ನ ಮನೇಲಿ ಸಾಕೋಕೆ ಕಾಯ್ದೆ ಒಪ್ಪಲ್ಲ. ವಾಸಿಯಾದ ಮೇಲೆ ಅರಣ್ಯ ಇಲಾಖೆಯವರಿಗೆ ಒಪ್ಪಿಸಿ."

ಮಲ್ಲಿ ಚೇತರಿಸಿಕೊಂಡಿತು. ಒಪ್ಪಿಸುವ ಮೊದಲು ಒಮ್ಮೆ ನೋಡಿಕೊಂಡು ಹೋಗು ಎಂದು ಮಗಳಿಗೆ ಹೇಳಿ ಕಳುಹಿಸಿದರು. ಗುಂಡನ ಸುದ್ದಿ ಹೇಳಲು ಮಾದಮ್ಮನಿಗೆ ಬಾಯಿ ಬರಲಿಲ್ಲ.

ಜಯಶೀಲ ಬಂದವಳೇ ಚೀಲವನ್ನು ಜಗಲಿಯ ಮೇಲಿಟ್ಟು ನೇರ ಕೊಟ್ಟಿಗೆಗೆ ಹೋದಳು. ತಂದಿದ್ದ ಹೊನಗೊನೆ ಸೊಪ್ಪನ್ನು ಎರಡು ಪಾಲು ಮಾಡಿ ನೆಲಕ್ಕಿಟ್ಟಳು. ಮಲ್ಲಿ ಬಂದು ಒಂದು ಪಾಲಿಗೆ ಬಾಯಿ ಹಾಕಿತು.

"ಗುಂಡ ಎಲ್ಲವ್ವ?"

"ನಾನೇ ಕೊಂದೆ ಕಣವ್ವ," ಎಂದ ಹಿಂದೆಯೇ ಬಂದ ಬೋರಯ್ಯ. "ಉಳ್ದಿದ್ ಔಸ್ದಿ ಉಯ್ದ್ಬುಟ್ಟೆ. ಅಮೀನಾಬೀ ಬ್ಯಾಡ ಅಂದ್ಲು, ಕೇಳ್ನಿಲ್ಲ."

ಜಯಶೀಲ ಬೈಯಲಿಲ್ಲ. ಬೈದಿದ್ದರೆ ಮಾದಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. ಮಗಳು ಉಳಿದ ಪಾಲನ್ನೂ ಮಲ್ಲಿಯ ಮುಂದಕ್ಕೆ ಸರಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬಕೆಟ್ಟಿನ ತಳದಲ್ಲೂ ಔಷಧಿ ಉಳಿದೀತು. ಒಂದು ಪ್ರಾಣಿಗೆಂದು ಕಲಸಿದ್ದನ್ನು ಇನ್ನೊಂದರ ಮೇಲೆ ಸುರಿಯಬೇಡಿ. ಉಣ್ಣೆಯಾಗಲಿ ನುಸಿಯಾಗಲಿ, ಮೊದಲು ಪಶುವೈದ್ಯರನ್ನು ಕೇಳಿ. ಬಸ್ಸಿನಲ್ಲಿ ಯಾರಾದರೂ ನಕ್ಕರೆ ನಗಲಿ, ನಿಮ್ಮ ಬುಟ್ಟಿಯಲ್ಲಿರುವ ಜೀವ ಉಳಿಯಲಿ.