ಪಣಂಬೂರಿನ ಉಸಿರು

ಮಂಗಳೂರಿನ ಪಣಂಬೂರು ಕಡಲತೀರದಲ್ಲಿ ಎಳೆದುಕೊಂಡ ಉಸಿರನ್ನು ನಾನು ಬಿಟ್ಟಿದ್ದು ಲಡಾಖಿನಲ್ಲಿ, ಬೆಟ್ಟ ದಾಟುವ ಹದಿನೇಳೂವರೆ ಸಾವಿರ ಅಡಿ ಎತ್ತರದ ಪಾಸಿನ ಮೇಲೆ. ನಡುವೆ ಮೂರು ವಿಮಾನ, ಒಂದು ಜೀಪು, ಎರಡು ಊಟ. ಉಸಿರು ಮಾತ್ರ ಒಂದೇ. ಮೇಲೆ ಹೋಗಿ ಬಿಟ್ಟಾಗ ಅದು ಇನ್ನೂ ಬೆಚ್ಚಗಿತ್ತು, ಸ್ವಲ್ಪ ಮೀನಿನ ವಾಸನೆಯೂ ಇತ್ತು. ಕಾವಲಿಗಿದ್ದ ಸೈನಿಕರಿಬ್ಬರು ಹತ್ತಿರ ಬಂದು ಅದರಲ್ಲಿ ಕೈ ಕಾಯಿಸಿಕೊಂಡರು. ಅವರು ಕೊಟ್ಟ ಟೀ ಲೋಟದಿಂದ ತುಟಿಗೆ ಬರುವಷ್ಟರಲ್ಲಿ ಗಟ್ಟಿಯಾಯಿತು; ಕಟಕಟ ಕಡಿದು ತಿಂದೆ.

ಇದು 2006ರ ಮಾತು. ಬೊಮ್ಮಸಂದ್ರದ ನಮ್ಮ ಮಾತ್ರೆ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಇದನ್ನು ಐದು ವರ್ಷ ಹೇಳಿದೆ. ವರ್ಷಕ್ಕೆ ಐನೂರು ಅಡಿಯಂತೆ ಆ ಪಾಸು ಬೆಳೆಯಿತು, ಯಾರೂ ತಕರಾರು ಮಾಡಲಿಲ್ಲ. ತೊಂದರೆ ಶುರುವಾದದ್ದು 2011ರಲ್ಲಿ, ಜನ ನನ್ನ ಮಾತು ನಂಬಿ ಹೊರಟಾಗ.

ನಂಬಿದವರಲ್ಲಿ ಮೊದಲಿಗರು ನರಸಿಂಹಯ್ಯನವರು. ಇಪ್ಪತ್ತೆರಡು ವರ್ಷದಿಂದ ನಮ್ಮ ಕೋಲ್ಡ್ ರೂಮು ನೋಡಿಕೊಳ್ಳುತ್ತಿದ್ದವರು. ಉಬ್ಬಸದ ಆಸಾಮಿ, ಜೇಬಿನಲ್ಲಿ ಸದಾ ಇನ್‌ಹೇಲರ್. ಡಿಸೆಂಬರಿಗೆ ರಿಟೈರಾಗುವವರಿದ್ದರು. ಒಂದು ದಿನ ಟೀ ಹೊತ್ತಿನಲ್ಲಿ ನನ್ನ ಪಕ್ಕ ಬಂದು ಕೂತರು.

"ಬಾಗ್ಲಿರೋ ಚಳಿ ನೋಡಿ ನೋಡಿ ಸಾಕಾಯ್ತು ಮುನಿರಾಜು. ಬಾಗ್ಲಿಲ್ದಿರೋ ಚಳಿ ಒಂದ್ಸಲ ನೋಡ್ಬೇಕು. ನೀನು ಕರ್ಕೊಂಡೋಗ್ತೀಯಾ?"

ಇಲ್ಲ ಎನ್ನುವ ಅಭ್ಯಾಸ ನನ್ನ ನಾಲಿಗೆಗಿಲ್ಲ. ಸೆಪ್ಟೆಂಬರಿಗೆ ಎಂಟು ಜನರ ತಂಡ ಸಿದ್ಧವಾಯಿತು. ಶಿಫ್ಟ್ ಇನ್‌ಚಾರ್ಜ್ ಶ್ರೀಕಾಂತ್ ಸಾರ್ ನಾನು ಹೇಳಿದಂತೆ ಪ್ಲಾನ್ ಟೈಪ್ ಮಾಡಿದರು. ಮೊದಲೆರಡು ದಿನ ಮಂಗಳೂರು. ಕಡಲಂಚಿನಲ್ಲಿ ನಿಂತು ದಪ್ಪ ಗಾಳಿ ತುಂಬಿಕೊಳ್ಳುವುದು. ಮೂರನೇ ದಿನ ಮುಂಬೈ, ದೆಹಲಿ. ನಾಲ್ಕನೇ ದಿನ ಬೆಳಗ್ಗೆ ಲೇಹ್. ಐದನೇ ದಿನ ಸೀದಾ ಪಾಸಿನ ನೆತ್ತಿಗೆ.

ಕ್ವಾಲಿಟಿ ವಿಭಾಗದ ಚಿತ್ರಾ ಮೇಡಂ ಆ ಹಾಳೆ ನೋಡಿದ್ದೇ ಹುಬ್ಬು ಗಂಟಿಕ್ಕಿದರು. ಅವರಿಗೆ ಸಂಬಳ ಕೊಡುವುದೇ ಅನುಮಾನಪಡುವುದಕ್ಕೆ. ಲೇಹ್‌ನಲ್ಲಿ ಎರಡು ಮೂರು ದಿನವಾದರೂ ಸುಮ್ಮನೆ ಮಲಗಿ ಮೈ ಹೊಂದಿಸಿಕೊಳ್ಳದೆ ಮೇಲೆ ಹತ್ತಬಾರದು, ಶ್ವಾಸಕೋಶಕ್ಕೆ ನೀರು ಇಳಿಯುತ್ತದೆ ಎಂದು ಎಲ್ಲಾ ಕಡೆ ಬರೆದಿದೆಯಲ್ಲ ಎಂದರು. ಅದೆಲ್ಲ ಬೆಂಗಳೂರಿಂದ ಹೋಗುವವರಿಗೆ, ಸಮುದ್ರದಿಂದ ಹೊರಟವರಿಗೆ ಅನ್ವಯಿಸುವುದಿಲ್ಲ ಎಂದೆ. ಫೋಟೋ ಕೇಳಿದರು. ಪರ್ಸಿನಿಂದ ತೆಗೆದು ಕೊಟ್ಟೆ: ನೀಲಿ ಜಾಕೆಟ್ ತೊಟ್ಟ ನಾನು, ಹಿಂದೆ ಬಿಳಿ ಹಿಮ. ಅವರು ಅದನ್ನು ಮಾತ್ರೆಯ ಬಿರುಕು ಹುಡುಕುವವರ ಹಾಗೆ ಕಿಟಕಿಯ ಬೆಳಕಿಗೆ ಹಿಡಿದರು.

"ಹಿಮಾಲಯಕ್ಕೆ ಮೂಲೆ ಇರುತ್ತಾ ಮುನಿರಾಜು? ಇಲ್ಲಿ ಎರಡು ಗೋಡೆ ಸೇರಿದ ಹಾಗಿದೆ."

"ಗಾಳಿ ಮೇಡಂ. ಅಲ್ಲಿ ಗಾಳಿ ಅಂಗೆ ಕೊಯ್ತದೆ, ಗಾರೆಯವ್ರು ರಸಮಟ್ಟ ಇಟ್ಟಂಗೆ."

ಫೋಟೋ ವಾಪಸ್ ಕೊಟ್ಟರು. ಆದರೆ ಅಂದಿನಿಂದ ಅವರು ನನ್ನ ಬೆನ್ನು ಬಿದ್ದಿದ್ದಾರೆ ಎಂದು ನನಗೂ ಅನುಮಾನ ಹತ್ತಿತು. ಒಂದು ದಿನ ಕೋಲ್ಡ್ ರೂಮಿನ ಹೊರಗೆ ನೇತುಹಾಕಿದ ಜಾಕೆಟ್‌ಗಳ ತೋಳಿನ ನಂಬರುಗಳನ್ನು ಓದುತ್ತಾ ನಿಂತಿದ್ದರು. ಇನ್ನೊಂದು ದಿನ ಬಸ್ ಸ್ಟಾಪಿನಲ್ಲಿ ನನ್ನ ಹೆಂಡತಿ ಮಂಜುಶ್ರೀಯನ್ನು ಹಿಡಿದು, ನಿಮ್ಮೋರಿಗೆ ಬೆಟ್ಟದ ದಾರಿ ಆಗಿಬರುತ್ತಾ ಎಂದು ವಿಚಾರಿಸಿದರಂತೆ. ನೀನೇನಂದೆ ಎಂದರೆ ಮಂಜುಶ್ರೀ ಸುಮ್ಮನೆ ನಕ್ಕಳು. ಅವಳ ಮೇಲೂ ಅನುಮಾನ ಬಂತು. ಶ್ರೀಕಾಂತ್ ಸಾರ್ ಟಿಕೆಟ್ ಮಾಡಿಸದೆ ದಿನ ತಳ್ಳುತ್ತಿದ್ದರು. ಅವರ ಮೇಲೂ ಬಂತು. ಇಡೀ ಫ್ಯಾಕ್ಟರಿಯಲ್ಲಿ ನನ್ನನ್ನು ಅನುಮಾನಿಸದೆ ಉಳಿದವರು ಒಬ್ಬರೇ.

ಆ ಒಬ್ಬರನ್ನು, ನರಸಿಂಹಯ್ಯನವರನ್ನು, ಒಂದು ಮಧ್ಯಾಹ್ನ ಬಾಯ್ಲರ್ ಹಿಂದೆ ಕಂಡೆ. ಗೋಡೆಗೆ ಒರಗಿ, ಕೆನ್ನೆ ಉಬ್ಬಿಸಿ, ಕೈಗಡಿಯಾರ ನೋಡುತ್ತಾ ಉಸಿರು ಕಟ್ಟಿ ನಿಂತಿದ್ದರು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ಕಂಡು ಉಸಿರು ಬಿಟ್ಟು ಕೆಮ್ಮತೊಡಗಿದರು. ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು. ಇನ್‌ಹೇಲರ್ ಎಲ್ಲಿ ಎಂದೆ. ಒಂದು ವಾರದಿಂದ ಮನೆಯಲ್ಲೇ ಬಿಟ್ಟುಬಂದಿದ್ದಾರಂತೆ, ಅಭ್ಯಾಸಕ್ಕೆ. ಡಾಕ್ಟರು ಹೋಗಲೇಬೇಡಿ ಎಂದಿದ್ದರಂತೆ; ನಮ್ಮ ಮುನಿರಾಜು ಒಂದೇ ಉಸಿರಲ್ಲಿ ಹೋಗಿಬಂದಿದ್ದಾನೆ ಎಂದು ಇವರು ಡಾಕ್ಟರಿಗೇ ತಿಳಿಹೇಳಿ ಬಂದಿದ್ದರು.

ಅವರನ್ನು ಕೈಹಿಡಿದು ಕ್ಯಾಂಟೀನಿನವರೆಗೆ ನಡೆಸಿಕೊಂಡು ಬಂದೆ, ನಿಜ ಮಾತ್ರ ಹೇಳಲಿಲ್ಲ. ಐದು ವರ್ಷದ ಹೆಸರು, ಒಂದು ಮಧ್ಯಾಹ್ನಕ್ಕೆ ಹೇಗೆ ಬಿಡಲಿ?

ಮಾರನೇ ದಿನ ಟಿಕೆಟ್ ಮಾಡಿಸುವ ಮೊದಲು ಎಲ್ಲರೂ ಕ್ಯಾಂಟೀನಿನಲ್ಲಿ ಕೂತೆವು. ಚಿತ್ರಾ ಮೇಡಂ ಮೆಲ್ಲಗೆ, ಫೋಟೋದ ಜಾಕೆಟ್ಟಿನ ತೋಳಲ್ಲಿ ಹನ್ನೊಂದು ಎಂದಿದೆ, ನಮ್ಮ ಕೋಲ್ಡ್ ರೂಮಿನ ಹನ್ನೊಂದನೇ ಜಾಕೆಟ್ ಅಲ್ಲವೇ ಎಂದರು. ನಾನು ಬಾಯಿ ತೆರೆಯುವ ಮೊದಲೇ ನರಸಿಂಹಯ್ಯನವರು ಮೇಲೆದ್ದರು.

"ನಾನೇ ಕೊಟ್ಟಿದ್ದು ಮೇಡಂ. ಇವ್ನು ಲಡಾಖಿಗೆ ಹೋಗ್ತೀನಿ ಅಂದ, ಕೊಟ್ಟೆ. ಅನುಮಾನ ಯಾಕೆ?"

ನಾನು ಬಚಾವಾದೆ ಅಂದುಕೊಂಡೆ. ಮೇಡಂ ಪ್ಲಾನಿನ ಹಾಳೆಯನ್ನು ನನ್ನ ಮುಂದೆ ಸರಿಸಿ, ಮೇಲೊಂದು ಪೆನ್ನು ಇಟ್ಟರು.

ಇಲ್ಲೊಂದು ಮಾತು ಹೇಳಬೇಕು. ಮಾತ್ರೆ ಫ್ಯಾಕ್ಟರಿಯಲ್ಲಿ ಒಂದು ಚಮಚ ಪುಡಿ ತೂಗಿದರೂ ಬ್ಯಾಚ್ ರೆಕಾರ್ಡಿನಲ್ಲಿ ಬರೆದು ಎರಡು ಸಹಿ ಬೀಳಬೇಕು: ಮಾಡಿದವರು, ಪರಿಶೀಲಿಸಿದವರು. ಶ್ರೀಕಾಂತ್ ಸಾರ್ ಅಭ್ಯಾಸಬಲದಿಂದ ಪ್ರವಾಸದ ಹಾಳೆಯ ಕೆಳಗೂ ಆ ಎರಡು ಗೆರೆ ಹಾಕಿಬಿಟ್ಟಿದ್ದರು. ನಾನು ಬಾಯಲ್ಲಿ ಏನೇನೋ ಹೇಳಿದವನು ನಿಜ. ಆದರೆ ಹದಿನೆಂಟು ವರ್ಷದಲ್ಲಿ ಮಾಡದ ಕೆಲಸಕ್ಕೆ ಒಂದು ಸಹಿ ಹಾಕಿದವನಲ್ಲ. ಆ ಮಾತ್ರೆ ಯಾರೋ ನುಂಗುತ್ತಾರೆ.

"ಈ ದಾರೀಲಿ ಹೀಗೇ ಹೋಗಿದ್ದೀನಿ ಅಂತ ಸೈನ್ ಮಾಡಿ. ನಾನು ಪಕ್ಕದಲ್ಲಿ ಹಾಕ್ತೀನಿ," ಎಂದರು ಮೇಡಂ.

ಪೆನ್ನು ಹಿಡಿದೆ. 'ಮಾಡಿದವರು' ಎನ್ನುವ ಅಕ್ಷರಗಳ ಮೇಲೆ ಅದು ನಿಂತೇ ಇತ್ತು. ಎದುರಿಗೆ ನರಸಿಂಹಯ್ಯನವರು ಬಾಯಿ ತೆರೆದು ಉಸಿರಾಡುತ್ತಿದ್ದರು. ಸೀಟಿಯಂಥ ಸಣ್ಣ ಸದ್ದು ನನಗೆ ಕೇಳುತ್ತಿತ್ತು.

ನಮ್ಮಲ್ಲಿ ತಪ್ಪು ಬರೆದರೆ ಬಿಳಿ ಶಾಯಿ ಬಳಿಯುವಂತಿಲ್ಲ. ಕೆಳಗಿನ ಅಕ್ಷರ ಕಾಣುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದು, ಸಹಿ, ತಾರೀಖು. ಮೊದಲ ದಿನದಿಂದ ಐದನೇ ದಿನದವರೆಗೆ ಒಂದೊಂದಾಗಿ ಗೆರೆ ಎಳೆದೆ. ಕಾರಣ: ಸುಳ್ಳು. ಸಹಿ ಮಾಡಿ ತಾರೀಖು ಹಾಕಿದೆ.

ನರಸಿಂಹಯ್ಯನವರು ಹಾಳೆಯನ್ನು ಎರಡು ಸಲ ಓದಿದರು. "ಜಾಕೆಟ್?" ಎಂದರು ಕೊನೆಗೆ.

"ಅತ್ತಿಬೆಲೇಲಿ ನಮ್ಮ ಭಾವ ಐಸ್‌ಕ್ರೀಮ್ ಗೋಡೌನಿನಲ್ಲವ್ನೆ ಅಣ್ಣ. ಜಾಕೆಟ್ ಹಾಕ್ಕೊಂಡು ಫೋಟೋ ಅಲ್ಲಿ ತೆಗ್ಸಿದ್ದು. ಲಡಾಖ್ ಕಂಡವ್ನಲ್ಲ ನಾನು. ನಂದಿ ಬೆಟ್ಟಕ್ಕೋಗಿ ಬಸ್ಸಲ್ಲೇ ವಾಂತಿ ಮಾಡ್ಕೊಂಡೆ, ಮಂಜುಶ್ರೀನ ಕೇಳಿ."

"ಮತ್ತೆ ಆ ಸಮುದ್ರದ ಗಾಳಿ?"

ಅವರು ಬೇರೆಲ್ಲವನ್ನೂ ಬಿಟ್ಟು ಇದೊಂದನ್ನಾದರೂ ಉಳಿಸಿಕೊಡು ಎಂಬಂತೆ ನೋಡುತ್ತಿದ್ದರು.

"ಮಂಗಳೂರಿಗೆ ಹೋಗಿದ್ದು ನಿಜ ಅಣ್ಣ, ಗೃಹಪ್ರವೇಶಕ್ಕೆ. ಪಣಂಬೂರಲ್ಲಿ ಎಳ್ಕೊಂಡ ಉಸಿರು ಪಣಂಬೂರಲ್ಲೇ ಬಿಟ್ಟೆ."